ಬಳ್ಳಾರಿಯ ಸಣ್ಣ ವರ್ಕ್‌ಶಾಪ್‌ಗೆ ಸಂಶೋಧನೆ ಮಾಡಲು ಸರ್ಕಾರದ ದುಡ್ಡು ಸಿಗುತ್ತದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬಳ್ಳಾರಿಯಲ್ಲಿ ನಿಮ್ಮದು ಇನ್ವರ್ಟರ್ ರಿಪೇರಿ ಅಂಗಡಿ. ಸೋಲಾರ್ ಪ್ಯಾನೆಲ್ ಮೇಲೆ ಎಷ್ಟು ಧೂಳು ಕೂತಿದೆ ಅಂತ ಅಳೆಯುವ ಸಣ್ಣ ಉಪಕರಣವನ್ನು ನೀವೇ ಮಾಡಿದ್ದೀರಿ. ಇಂಧನ ಮತ್ತು ವೈಜ್ಞಾನಿಕ ಉಪಕರಣಗಳ ಕೆಲಸಕ್ಕೆ ಅಮೆರಿಕ ಸರ್ಕಾರ ಸಣ್ಣ ಕಂಪನಿಗಳಿಗೆ ದುಡ್ಡು ಕೊಡುತ್ತದಂತೆ, ಅದು ನಮಗೂ ಸಿಗುತ್ತದಾ, ಇಲ್ಲಿ ಅಂಥದ್ದು ಏನಿದೆ ಅಂತ ಕೇಳಿದ್ದೀರಿ.

ನಾನು ರಾಯಚೂರಿನವನು. ರೈಸ್ ಮಿಲ್ ಬಾಯ್ಲರ್‌ನ ಚಿಮಣಿಯಲ್ಲಿ ಆಮ್ಲಜನಕ ಅಳೆಯುವ ಮೀಟರನ್ನು 10 ಲಕ್ಷದ ಸರ್ಕಾರಿ ಅನುದಾನದಲ್ಲಿ ಮಾಡಿದ್ದೇನೆ. ಮೊದಲ ಅರ್ಜಿ ತಿರಸ್ಕಾರ ಆಗಿತ್ತು. ಆ ಕಥೆಯೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲು ಅಮೆರಿಕದ್ದು. ಆ ಯೋಜನೆಯ ಹೆಸರು ಎಸ್‌ಬಿಐಆರ್ (ಸ್ಮಾಲ್ ಬಿಸಿನೆಸ್ ಇನ್ನೊವೇಶನ್ ರಿಸರ್ಚ್), 1982ರ ಕಾನೂನಿನಿಂದ ಬಂದದ್ದು. ಇಲಾಖೆಯ ಹೊರಗಿನವರು ಮಾಡುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವ ಕೇಂದ್ರ ಇಲಾಖೆಗಳು ಅದರಲ್ಲಿ 3.2% ಸಣ್ಣ ಕಂಪನಿಗಳಿಗೆ ಎತ್ತಿಡಬೇಕು. ಅಲ್ಲಿನ ಇಂಧನ ಇಲಾಖೆಯ ಕೈಯಲ್ಲಿ 17 ರಾಷ್ಟ್ರೀಯ ಪ್ರಯೋಗಾಲಯಗಳಿವೆ. ಎಕ್ಸ್-ರೇ ಯಂತ್ರಗಳು, ಕಣ ವೇಗವರ್ಧಕಗಳು, ಡಿಟೆಕ್ಟರ್‌ಗಳು ಎಲ್ಲ ಅಲ್ಲಿವೆ. ಅದಕ್ಕೇ ಆ ಇಲಾಖೆ ಬ್ಯಾಟರಿ, ಸೋಲಾರ್ ಜೊತೆಗೆ ಅಳತೆಯ ಉಪಕರಣಗಳಿಗೂ ದುಡ್ಡು ಕೊಡುತ್ತದೆ. ಮೊದಲ ಹಂತದಲ್ಲಿ ಸುಮಾರು 2ರಿಂದ 2.5 ಲಕ್ಷ ಡಾಲರ್, ಐಡಿಯಾ ನಡೆಯುತ್ತದಾ ಅಂತ ನೋಡುವುದಕ್ಕೆ. ಗೆದ್ದರೆ ಎರಡನೇ ಹಂತದಲ್ಲಿ 11 ಲಕ್ಷ ಡಾಲರ್ ಅಥವಾ ಅದಕ್ಕೂ ಮೇಲೆ. ಮೂರನೇ ಹಂತ ಮಾರಾಟದ್ದು, ಅದಕ್ಕೆ ಈ ಯೋಜನೆಯ ದುಡ್ಡಿಲ್ಲ. ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿನ ನಾಗರಿಕರದ್ದೋ ಕಾಯಂ ನಿವಾಸಿಗಳದ್ದೋ ಇರಬೇಕು, ಕೆಲಸವೂ ಅಲ್ಲೇ ನಡೆಯಬೇಕು. ಹಾಗಾಗಿ ಬಳ್ಳಾರಿಯಿಂದ ಅರ್ಜಿ ಹಾಕಲು ಆಗುವುದಿಲ್ಲ.

ಆದರೂ ಯಾವ ವಿಷಯಕ್ಕೆ ದುಡ್ಡು ಕೊಡುತ್ತೇವೆ ಅಂತ ಆ ಇಲಾಖೆ ಹೊರಡಿಸುವ ಪಟ್ಟಿ ಓದಿ. ಯಾರು ಬೇಕಾದರೂ ಓದಬಹುದು. ಒಂದೊಂದು ವಿಷಯದಲ್ಲೂ ಏನು ಗೊತ್ತಿದೆ, ಯಾವುದಕ್ಕೆ ಇನ್ನೂ ಉತ್ತರ ಬೇಕು ಅಂತ ಬಿಡಿಸಿ ಬರೆದಿರುತ್ತಾರೆ. ನನ್ನ ಮೊದಲ ಅರ್ಜಿಯಲ್ಲಿ ಇದೇ ಇರಲಿಲ್ಲ.

ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ನಮ್ಮ ಕಡೆ ಮಿಲ್‌ಗಳಲ್ಲಿ ಬಾಯ್ಲರ್‌ಗೆ ಹಾಕುವುದು ಅದನ್ನೇ. ಗಾಳಿಯಲ್ಲಿ 21% ಆಮ್ಲಜನಕ ಇರುತ್ತದೆ. ನಾನು ಅಳೆದ ಒಂದು ಚಿಮಣಿಯ ಹೊಗೆಯಲ್ಲಿ ಇನ್ನೂ 14% ಉಳಿದಿತ್ತು. ಅಂದರೆ ಬೇಡದ ಗಾಳಿಯನ್ನು ಬಿಸಿ ಮಾಡಿ ಆಕಾಶಕ್ಕೆ ಬಿಡುತ್ತಿದ್ದರು. ಕಾರಿನ ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಅಳೆಯುವ ಜಿರ್ಕೋನಿಯಾ ಸೆನ್ಸರನ್ನೇ ಇಲ್ಲಿ ಕಡಿಮೆ ಖರ್ಚಿನಲ್ಲಿ ಬಳಸಬಹುದು ಅನ್ನುವುದು ನನ್ನ ಐಡಿಯಾ. ಅರ್ಜಿಯಲ್ಲಿ ಬರೆದಿದ್ದು ಇಷ್ಟೇ: ಮೀಟರ್ ತಯಾರಿಸುತ್ತೇನೆ, ಮಿಲ್‌ಗಳು ಬಹಳ ಇವೆ, ಸಹಾಯ ಬೇಕು. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕೇಳಿದರು, ‘ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನು?’ ನಾನು ಎಲ್ಲ ಗೊತ್ತಿದೆ ಸರ್ ಅಂದೆ. ಅರ್ಜಿ ಅಲ್ಲಿಗೇ ಮುಗಿಯಿತು.

ಎರಡನೇ ಸಲ ಹೀಗೆ ಬರೆದೆ. ಹೊಟ್ಟು ಸುಟ್ಟರೆ ಅದರ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಸಿಲಿಕಾ, ಮರಳಿನ ಥರ ಉಜ್ಜುವ ಪುಡಿ. ನಮ್ಮ ಸೆನ್ಸರ್ ಮುಂದಿನ ಫಿಲ್ಟರ್ 9ನೇ ದಿನಕ್ಕೆ ಕಟ್ಟಿಕೊಂಡಿದೆ. ಇದೇ ಹೊಗೆಯಲ್ಲಿ ಸೆನ್ಸರ್ 90 ದಿನ ಬಾಳುವಂತೆ ಮಾಡಲು ಆಗುತ್ತದಾ? ಮೂರು ಥರದ ಫಿಲ್ಟರ್ ಹಾಕಿ ನೋಡುತ್ತೇವೆ. ಯಾವ ವಾರ ಏನು ಅಳೆಯುತ್ತೇವೆ, ಯಾವ ಅಂಕಿ ಬಂದರೆ ಸೋಲು ಅಂತ ಒಪ್ಪಿಕೊಳ್ಳುತ್ತೇವೆ ಅಂತಲೂ ಬರೆದೆ. ನೋಟ್‌ಬುಕ್ಕಿನ ಆ 9ನೇ ದಿನದ ಪುಟದ ಫೋಟೋ ಹಚ್ಚಿದೆ. ದುಡ್ಡು ಬಂತು.

ಈಗ ನಿಮ್ಮ ಧೂಳಿಗೆ ಬರೋಣ. ನಿಮ್ಮ ಕಡೆಯ ಧೂಳು ಕೆಂಪು. ಸಂಡೂರಿನ ಕಬ್ಬಿಣದ ಅದಿರು. ಕೆಂಪು ಅಂದರೆ ಅದು ನೀಲಿ, ಹಸಿರು ಬೆಳಕನ್ನು ಜಾಸ್ತಿ ನುಂಗುತ್ತದೆ. ಸಿಲಿಕಾನ್ ಪ್ಯಾನೆಲ್ ಮಾತ್ರ ಕೆಂಪು ಬೆಳಕು, ಅದರಾಚೆಯ ಕಣ್ಣಿಗೆ ಕಾಣದ ಬೆಳಕು ಎರಡರಿಂದಲೂ ಬಹಳ ಕರೆಂಟ್ ಮಾಡುತ್ತದೆ. ನಿಮ್ಮ ಉಪಕರಣದಲ್ಲಿ ನೀಲಿ ಎಲ್‌ಇಡಿ ಇದ್ದರೆ ನಷ್ಟ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಕಪ್ಪು ಮಣ್ಣಿನ ಸಿಂಧನೂರಿನಲ್ಲಿ ಅದೇ ಉಪಕರಣ ಬೇರೆ ಅಂಕಿ ಕೊಡಬಹುದು. ಯಾವ ಬಣ್ಣದ ಎಲ್‌ಇಡಿ ಬಳಸಿದರೆ ಅದಿರಿನ ಧೂಳಿಗೂ ಹೊಲದ ಧೂಳಿಗೂ ಒಂದೇ ಲೆಕ್ಕ ಹೊಂದುತ್ತದೆ? ಅಥವಾ ಎರಡು ಬಣ್ಣ ಬೇಕಾ? ನನ್ನ ಪ್ರಕಾರ ನಿಮ್ಮ ಅರ್ಜಿಯೇ ಈ ಪ್ರಶ್ನೆ. ಇದನ್ನು ಕೇಳಲು ಬಳ್ಳಾರಿಗಿಂತ ಒಳ್ಳೆ ಜಾಗ ಇಲ್ಲ.

ದುಡ್ಡು ಎಲ್ಲಿ ಅಂತ ಹೇಳುತ್ತೇನೆ. ಮೊದಲ ಮಾದರಿ ಮಾಡಲು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಇದೆ, 10 ಲಕ್ಷದವರೆಗೆ. ಇಲಾಖೆ ನೇರವಾಗಿ ಕೊಡುವುದಿಲ್ಲ, ಇನ್ಕ್ಯುಬೇಟರ್‌ಗಳ ಮೂಲಕ, ಅಂದರೆ ಹೊಸ ಉದ್ಯಮಗಳನ್ನು ಬೆಳೆಸುವ ಕೇಂದ್ರಗಳ ಮೂಲಕ ಕೊಡುತ್ತದೆ. ಕಂಪನಿ ಇಲ್ಲದ ವ್ಯಕ್ತಿಯೂ ಅರ್ಜಿ ಹಾಕಬಹುದು, ಹಾಗಾಗಿ ನೀವು ಇಲ್ಲಿಂದಲೇ ಶುರು ಮಾಡಿ. ರಾಜ್ಯ ಸರ್ಕಾರದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಅನುದಾನ ಇದೆ, ಅದಕ್ಕೆ ಕರ್ನಾಟಕದಲ್ಲಿ ನೋಂದಣಿಯಾದ ಸ್ಟಾರ್ಟಪ್ ಬೇಕು. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಐಡಿಯಾ ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನ ಇಟ್ಟಿದ್ದರು. ಒಬ್ಬರ ಹೆಸರಿನ ಅಂಗಡಿಗೆ ಸ್ಟಾರ್ಟಪ್ ಮಾನ್ಯತೆ ಸಿಗುವುದಿಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆ ಥರದ್ದು ಆಗಬೇಕು. ಯಾವ ಅರ್ಜಿ ಈಗ ಕರೆದಿದ್ದಾರೆ ಅಂತ ನೋಡಿ ಮುಂದುವರಿಯಿರಿ. 2025ರ ಜುಲೈನಲ್ಲಿ ಕೇಂದ್ರ ಒಪ್ಪಿದ 1 ಲಕ್ಷ ಕೋಟಿಯ ಸಂಶೋಧನಾ ನಿಧಿಯ ಸುದ್ದಿ ನೋಡಿರುತ್ತೀರಿ. ಅದು ಇನ್ನೂ ಮುಂದೆ ಹೋದ ಕಂಪನಿಗಳಿಗೆ, ಸದ್ಯಕ್ಕೆ ನಿಮ್ಮದಲ್ಲ.

ಉಪಕರಣವನ್ನು ಯಾವ ಮೇಳದಲ್ಲಿಯೂ ತೋರಿಸುವ ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗೆ ಶುಲ್ಕ 1,600 ರೂಪಾಯಿ. ಪೂರ್ತಿ ವಿವರ ಕೊಡಲು ಆಮೇಲೆ 12 ತಿಂಗಳು ಸಮಯ ಇರುತ್ತದೆ.

ಇನ್ನೊಂದು ಮಾತು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅನುದಾನ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಪ್ರತಿ ರೂಪಾಯಿಗೂ ಬಿಲ್ ಇಟ್ಟು, ಸಿಎ ಸಹಿ ಮಾಡಿದ ಹಣ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೆಯೇ ಮುಂದಿನದು. ನನ್ನ ಎರಡನೇ ಕಂತು ಐದು ತಿಂಗಳು ತಡವಾಯಿತು. ಅಕ್ಕನ ಬಂಗಾರ ಅಡವಿಟ್ಟು ಕೆಲಸದ ಹುಡುಗನಿಗೆ ಸಂಬಳ ಕೊಟ್ಟೆ. ಆ ದಿನಗಳು ನಿಜಕ್ಕೂ ಕಷ್ಟದವು. ಅನುದಾನಕ್ಕೆ ಬೇರೆ ಖಾತೆ ತೆರೆಯಿರಿ, ಅಂಗಡಿ ದುಡ್ಡು ಅದರಲ್ಲಿ ಬೆರೆಸಬೇಡಿ, ನಾಲ್ಕೈದು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ. ಕಮಿಷನ್ ಕೊಟ್ಟರೆ ಅನುದಾನ ಕೊಡಿಸುತ್ತೇನೆ ಅನ್ನುವವರನ್ನು ಬಾಗಿಲಲ್ಲೇ ಕಳಿಸಿ.

ಆದರೆ ಅರ್ಜಿ ಕರೆಯುವವರೆಗೂ ಸುಮ್ನೆ ಕೂರಬೇಡಿ. ಒಂದೇ ಮಾಡೆಲ್‌ನ ಎರಡು ಸಣ್ಣ ಪ್ಯಾನೆಲ್ ತಗೊಂಡು ಮಾಳಿಗೆ ಮೇಲೆ ಒಂದೇ ಓರೆಯಲ್ಲಿ ಪಕ್ಕಪಕ್ಕ ಇಡಿ. ಒಂದನ್ನು ದಿನಾ ಬೆಳಿಗ್ಗೆ ಒರೆಸಿ, ಇನ್ನೊಂದನ್ನು ಮುಟ್ಟಬೇಡಿ. ಮಧ್ಯಾಹ್ನ ಎರಡರ ಶಾರ್ಟ್ ಸರ್ಕ್ಯೂಟ್ ಕರೆಂಟ್ (ಪ್ಯಾನೆಲ್‌ನ ಎರಡು ತಂತಿ ನೇರ ಸೇರಿಸಿದಾಗ ಹರಿಯುವ ಕರೆಂಟ್) ಅಳೆದು, ಪಕ್ಕದಲ್ಲಿ ನಿಮ್ಮ ಉಪಕರಣದ ಅಂಕಿ ಬರೆಯಿರಿ. ಧೂಳು ಕೆಳಗಿನ ಅಂಚಿಗೆ ಗಟ್ಟಿಯಾಗಿ ಕೂತರೆ ಕರೆಂಟ್ ಒಂದೇ ಸಾಲದು, ಪ್ಯಾನೆಲ್ ಕೊಡುವ ಗರಿಷ್ಠ ಪವರ್ ಕೂಡ ಅಳೆಯಬೇಕು. ಫೆಬ್ರವರಿಗೆ ಶುರು ಮಾಡಿದರೆ ಮೇ ಮುಗಿಯುವ ಹೊತ್ತಿಗೆ ನೂರಕ್ಕೂ ಹೆಚ್ಚು ದಿನದ ಲೆಕ್ಕ ಸಿಗುತ್ತದೆ. ಮಳೆ ಹಿಡಿದರೆ ಧೂಳು ತೊಳೆದುಹೋಗುತ್ತದೆ, ಆಮೇಲೆ ಮುಂದಿನ ಬೇಸಿಗೆಯವರೆಗೆ ಕಾಯಬೇಕಾಗುತ್ತದೆ.