ಶಾರ್ಕೋ, ತೊರಕೆಯೋ? ಮಗುಚಿ ಹಾಕಿ ನೋಡಿ

ಮಲ್ಪೆ ಬಂದರಿನಲ್ಲಿ ಕಂಡ ಮೀನಿಗೆ ತಲೆ ಚಪ್ಪಟೆ, ಮೂತಿ ಚೂಪು, ಬಾಲ ಮಾತ್ರ ಶಾರ್ಕಿನ ಹಾಗೆ, ಇದು ಯಾವುದು ಅಂತ ಕೇಳಿದ್ದೀರಿ. ನಿಮ್ಮ ವಿವರಣೆ ನೋಡಿದರೆ ಅದು ಗಿಟಾರ್ ಮೀನು ಇರಬೇಕು. ಶಾರ್ಕ್ ಅಲ್ಲ, ತೊರಕೆಯ (ಚಪ್ಪಟೆ ಮೈಯ ರೇ ಮೀನು) ಬಳಗ.

ಬಾಲ ನೋಡಿ ತೀರ್ಮಾನ ಮಾಡಬೇಡಿ, ಸುಮ್ನೆ ಮೋಸ ಹೋಗುತ್ತೀರಿ. ಮೀನನ್ನು ಮಗುಚಿ, ಕಿವಿರಿನ ಸೀಳು ಎಲ್ಲಿದೆ ಅಂತ ನೋಡಿ. ತಲೆಯ ಪಕ್ಕದಲ್ಲಿದ್ದರೆ ಶಾರ್ಕ್. ಬಾಯಿಯ ಹಿಂದೆ, ಅಡಿಭಾಗದಲ್ಲಿದ್ದರೆ ತೊರಕೆ ಕಡೆಯದು. ಸಾಮಾನ್ಯವಾಗಿ 5 ಜೊತೆ ಇರುತ್ತವೆ. ಕೆಲವು ಶಾರ್ಕುಗಳಿಗೆ 6 ಅಥವಾ 7. ಬಂಗುಡೆಗೆ ಕಿವಿರಿನ ಮೇಲೆ ಇರುವಂಥ ಮುಚ್ಚಳ ಇವಕ್ಕಿಲ್ಲ.

ಕಣ್ಣಿನ ಹಿಂದಿನ ತೂತು ಕಿವಿಯಾ ಅಂದಿರಿ. ಅಲ್ಲ, ಅದು ಉಸಿರಾಟಕ್ಕೆ. ಮರಳಿನ ಮೇಲೆ ಮಲಗಿದಾಗ ಬಾಯಿಂದ ನೀರೆಳೆದರೆ ಮರಳೂ ಒಳಗೆ ಬರುತ್ತದೆ ಅಲ್ವಾ? ಅದಕ್ಕೇ ಮೇಲಿನ ತೂತಿನಿಂದ ನೀರು ಎಳೆದುಕೊಂಡು ಕೆಳಗಿನ ಸೀಳುಗಳಿಂದ ಹೊರಗೆ ಬಿಡುತ್ತದೆ. ನನಗೆ ಈ ಮೀನಿನಲ್ಲಿ ಜಾಸ್ತಿ ಇಷ್ಟವಾಗುವುದು ಈ ಏರ್ಪಾಡೇ.

ಹೊಟ್ಟೆಯ ಹಿಂದಿನ ರೆಕ್ಕೆಗಳ ಪಕ್ಕ ಬೆರಳಿನಂಥ ಎರಡು ಕಡ್ಡಿ ಇದ್ದವು ಅಂದಿರಲ್ಲ, ಅದು ಗಂಡಿನ ಗುರುತು. ಹೆಣ್ಣಿಗೆ ಅವು ಇರುವುದಿಲ್ಲ. ಹಾಗಾಗಿ ನೀವು ನೋಡಿದ್ದು ಗಂಡು ಮೀನು.