ಕುಟ್ಟಾಣಿಗೆ ಹಾಕಬಾರದ ಗುಳಿಗೆ

ಗದಗ-ಬೆಟಗೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಮಾವನವರಿಗೆ 78 ವರ್ಷ. ಗುಳಿಗೆ ಗಂಟಲಲ್ಲಿ ಇಳಿಯೋದಿಲ್ಲ ಅಂತಾರೆ. ಅದಕ್ಕೆ ಅವರ ಎಲೆ-ಅಡಿಕೆ ಕುಟ್ಟಾಣಿಯಲ್ಲೇ ಶುಗರ್ ಗುಳಿಗೆ, ಆ್ಯಸಿಡಿಟಿ ಗುಳಿಗೆ ಕುಟ್ಟಿ ಮಜ್ಜಿಗೆಯಲ್ಲಿ ಕಲಸಿ ಕೊಡ್ತೀನಿ. ಮೆಡಿಕಲ್ ಶಾಪಿನವರು ಇವನ್ನು ಕುಟ್ಟಬಾರದು ಅಂದರು. ಹೊಟ್ಟೆಗೆ ಹೋದ ಮೇಲೆ ಎಲ್ಲಾ ಪುಡಿನೇ ಅಲ್ವಾ? ಇನ್ನೊಂದು ವಿಷಯ. ಎಂಟು ತಿಂಗಳ ಮೊಮ್ಮಗನ ಜ್ವರದ ಸಿರಪ್ ಮುಗಿದಿದೆ, ಡ್ರಾಪ್ಸ್ ಇದೆ. ಅದನ್ನೇ ಅಷ್ಟೇ ಅಳತೆಯಲ್ಲಿ ಕೊಡಬಹುದಾ?”

ಅಕ್ಕಾವ್ರೇ, ಮೊಮ್ಮಗನ ವಿಷಯ ತಡ ಮಾಡುವಂಥದ್ದಲ್ಲ. ಅದಕ್ಕೇ ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿ ಬೇಡ ಅಂದೆ. ಬೇರೆ ಮನೆಗಳಲ್ಲೂ ಇದು ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಪ್ಯಾರಾಸಿಟಮಾಲ್ ಸಿರಪ್ಪಿನ ಬಾಟ್ಲಿ ಮೇಲೆ ಸಾಮಾನ್ಯವಾಗಿ 5 ಎಂಎಲ್‌ಗೆ 125 ಎಂಜಿ ಅಂತ ಇರುತ್ತದೆ. ಡ್ರಾಪ್ಸ್ ಮೇಲೆ 1 ಎಂಎಲ್‌ಗೇ 100 ಎಂಜಿ. ಅಂದರೆ ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಸಿರಪ್ ಅಂದುಕೊಂಡು 5 ಎಂಎಲ್ ಡ್ರಾಪ್ಸ್ ಕುಡಿಸಿದರೆ ಕೂಸಿನ ಹೊಟ್ಟೆಗೆ 500 ಎಂಜಿ ಹೋಗುತ್ತದೆ. ದೊಡ್ಡವರು ನುಂಗುವ ಒಂದು ಪೂರ್ತಿ ಗುಳಿಗೆ ಅದು! ಹೆಚ್ಚಾದ ಪ್ಯಾರಾಸಿಟಮಾಲ್ ಲಿವರನ್ನು ಹಾಳು ಮಾಡುತ್ತದೆ. ಡ್ರಾಪ್ಸ್ ಜೊತೆ ಬಂದ ಪಿಪೆಟ್ಟಿನಲ್ಲೇ, ಕೂಸಿನ ತೂಕ ನೋಡಿ ಡಾಕ್ಟರು ಹೇಳಿದಷ್ಟೇ ಕೊಡಬೇಕು. ಅಡುಗೆಮನೆ ಚಮಚ ಮಾತ್ರ ಬೇಡ.

ಇನ್ನು ಮಾವನವರ ಗುಳಿಗೆ. ಹೊಟ್ಟೆಗೆ ಹೋದ ಮೇಲೆ ಎಲ್ಲಾ ಪುಡಿನೇ ಅನ್ನೋದು ಸಾದಾ ಗುಳಿಗೆಗೆ ಬಹುಮಟ್ಟಿಗೆ ನಿಜ. ಆದರೆ ನಿಮ್ಮ ಮನೆಯ ಎರಡೂ ಸಾದಾ ಗುಳಿಗೆಗಳಲ್ಲ. ನೀವು ಬರೆದ ಹೆಸರು ನೋಡಿ, ಹುಬ್ಬಳ್ಳಿಯ ನಮ್ಮ ಆಫೀಸಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಅದೇ ಪಟ್ಟಿಗಳನ್ನು ಕೇಳಿ ತರಿಸಿದೆ. ಆ್ಯಸಿಡಿಟಿಯ ಪ್ಯಾಂಟೊಪ್ರಜೋಲ್ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ‘ಗ್ಯಾಸ್ಟ್ರೋ-ರೆಸಿಸ್ಟೆಂಟ್’ ಅಂತಿದೆ. ಜಠರದಲ್ಲಿ ಕರಗದ ಹೊದಿಕೆ ಅಂತ ಅದರ ಅರ್ಥ. ಜಠರದ ಹುಳಿರಸ ತಗುಲಿದರೆ ಈ ಔಷಧವೇ ಕೆಟ್ಟುಹೋಗುತ್ತದೆ. ಹೊದಿಕೆ ಅದನ್ನು ಕಾಪಾಡಿ ಸಣ್ಣ ಕರುಳಿಗೆ ದಾಟಿಸುತ್ತದೆ. ಅಲ್ಲಿ ಕರಗಿ, ರಕ್ತ ಸೇರಿ, ರಕ್ತದ ದಾರಿಯಲ್ಲೇ ಮತ್ತೆ ಜಠರದ ಗೋಡೆಗೆ ಬಂದು ಹುಳಿ ಸುರಿಸುವ ಪಂಪುಗಳನ್ನು ನಿಲ್ಲಿಸುತ್ತದೆ. ಜಠರದ ಔಷಧ ಜಠರ ದಾಟಿ, ಸುತ್ತು ಹಾಕಿ ವಾಪಸ್ ಬರುತ್ತದೆ ಅಂತ ಗೊತ್ತಾದಾಗ ನನಗೇ ಬೆರಗಾಗಿತ್ತು. ಕುಟ್ಟಿದರೆ, ಗದಗಕ್ಕೆ ಟಿಕೆಟ್ ತೆಗೆಸಿದವರನ್ನು ಅಣ್ಣಿಗೇರಿಯಲ್ಲೇ ರೈಲಿನಿಂದ ಇಳಿಸಿದ ಹಾಗೆ.

ಶುಗರಿನ ಮೆಟ್‌ಫಾರ್ಮಿನ್ ಪಟ್ಟಿ ಮೇಲೆ ಹೆಸರಿನ ಪಕ್ಕ ಎಸ್‌ಆರ್ ಅಂತಿದೆ. ಕೆಲವು ಪಟ್ಟಿಗಳ ಮೇಲೆ ಇಆರ್, ಎಕ್ಸ್‌ಆರ್, ಪ್ರೊಲಾಂಗ್ಡ್ ರಿಲೀಸ್ ಅಂತಿರುತ್ತದೆ. ಎಲ್ಲದರ ಅರ್ಥವೂ ಒಂದೇ: ಔಷಧವನ್ನು ನಿಧಾನಕ್ಕೆ, ತಾಸುಗಟ್ಟಲೆ ಬಿಡುವ ಗುಳಿಗೆ. ಕುಟ್ಟಿದಿರೋ, ಅಷ್ಟೂ ಒಮ್ಮೆಲೇ ಬಿಡುಗಡೆ. ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಬಿಪಿಯ ಕೆಲವು ಇಂಥ ಗುಳಿಗೆಗಳನ್ನು ಕುಟ್ಟಿದರಂತೂ ಬಿಪಿ ಒಮ್ಮೆಲೇ ಇಳಿದು ಹಿರಿಯರು ಬೀಳಬಹುದು.

ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಗುಳಿಗೆಯ ಕಥೆ ಬೇರೆ. ಅದನ್ನು ನುಂಗಿದರೆ ಕರುಳಿನಿಂದ ಮೊದಲು ಲಿವರಿಗೆ ಹೋಗಿ ಬಹುಪಾಲು ಅಲ್ಲೇ ಖರ್ಚಾಗುತ್ತದೆ, ತಡವೂ ಆಗುತ್ತದೆ. ನಾಲಿಗೆ ಕೆಳಗಿಂದಾದರೆ ಸೀದಾ ರಕ್ತಕ್ಕೆ.

ದಿನಕ್ಕೊಂದು, ದಿನಕ್ಕೆ ಮೂರು ಅಂತ ಯಾಕೆ ಬೇರೆ ಬೇರೆ ಬರೆಯುತ್ತಾರೆ ಅಂತಲೂ ಕೇಳಿದ್ದೀರಿ. ಪ್ಯಾರಾಸಿಟಮಾಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡು-ಮೂರು ತಾಸು ಸಾಕು. ಬಿಪಿಯ ಆಮ್ಲೋಡಿಪಿನ್‌ಗೆ 30 ತಾಸಿಗಿಂತ ಜಾಸ್ತಿ ಬೇಕು. ಹಾಗಾಗಿ ಅದು ದಿನಕ್ಕೆ ಒಂದೇ. ಚೀಟಿಯಲ್ಲಿ ಒಡಿ ಅಂದರೆ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ. ಎಸ್‌ಒಎಸ್ ಅಂದರೆ ತೊಂದರೆ ಇದ್ದಾಗ ಮಾತ್ರ.

ಈಗ ಮಾಡಬೇಕಾದ್ದು ಇಷ್ಟು. ಶುಗರ್ ಗುಳಿಗೆಯನ್ನು ಸುಮ್ನೆ ನಿಲ್ಲಿಸಬೇಡಿ. ಎಲ್ಲಾ ಪಟ್ಟಿ, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಇಷ್ಟು ದಿನ ಕುಟ್ಟಿ ಕೊಟ್ಟದ್ದನ್ನು ಮುಚ್ಚಿಡದೆ ಹೇಳಿ, ಬೈಯುತ್ತಾರೆ ಅಂತ ಹೆದರಬೇಡಿ. ಸಾದಾ ಗುಳಿಗೆಗೋ ನೀರಲ್ಲಿ ಕರಗುವಂಥದ್ದಕ್ಕೋ ಬದಲಿಸಲು ಬರುತ್ತದೆಯಾ ಕೇಳಿ. ಗುಳಿಗೆ ಅಷ್ಟೇ ಅಲ್ಲ, ರೊಟ್ಟಿ-ನೀರೂ ಇಳಿಯದಿದ್ದರೆ ಅದನ್ನು ಮೊದಲು ಹೇಳಿ, ಯಾಕೆಂದರೆ ಗಂಟಲನ್ನೇ ಪರೀಕ್ಷೆ ಮಾಡಿಸಬೇಕಾಗುತ್ತದೆ. ಡಾಕ್ಟರು ಏನಂದರು ಅಂತ ನನಗೂ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂ.