ಬೋಳು ಮತ್ತಿಗೆ ಕೊಡಲಿ ಬೇಡ

(ಉಡುಪಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ಕೈಬಿಟ್ಟ ಗೇರುತೋಟದಲ್ಲಿ ತಾನಾಗಿ ಕಾಡು ಎದ್ದಿದೆ. ಫೆಬ್ರವರಿಯಲ್ಲಿ ಮತ್ತಿ, ಕವಲು ಬೋಳಾಗುತ್ತವೆ. ರೆಂಜೆ, ಪುನರ್ಪುಳಿ ಹಸಿರಾಗಿಯೇ ಇರುತ್ತವೆ. ಬೋಳಾಗುವ ಮರ ಬೆಳೆಯುವುದಿಲ್ಲ, ಕಡಿದು ಅಕೇಶಿಯಾ ಹಾಕಿ ಎಂದು ಭಾವನವರ ಸಲಹೆ. ತರಗೆಲೆಯನ್ನೆಲ್ಲ ದನದ ಹಟ್ಟಿಗೆ ಒಯ್ಯಬಹುದೇ?)

ಮಾನ್ಯರೇ,

ಭಾವನವರಿಗೆ ನಮ್ಮ ನಮಸ್ಕಾರ ತಿಳಿಸಿ, ಕೊಡಲಿಯನ್ನು ಒಳಗಿಡಿ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಮುಗಿಯುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಆ ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಎಲೆ ಇದ್ದಷ್ಟು ದಿನವೂ ಮರದ ನೀರು ಆವಿಯಾಗುತ್ತದೆ; ಮತ್ತಿ ಆ ಖರ್ಚನ್ನೇ ನಿಲ್ಲಿಸುತ್ತದೆ. ಅದೂ ಬರಿಗೈಯಲ್ಲಲ್ಲ: ಎಲೆಯಲ್ಲಿದ್ದ ಸಾರಜನಕ, ರಂಜಕಗಳ ಸುಮಾರು ಅರ್ಧದಷ್ಟನ್ನು ಮೊದಲೇ ರೆಂಬೆಗೆ ಎಳೆದುಕೊಂಡಿರುತ್ತದೆ. ಇನ್ನು ರೆಂಜೆಯೂ ಎಲೆ ಉದುರಿಸುತ್ತದೆ. ಒಂದೇ ಸಲ ಉದುರಿಸುವುದಿಲ್ಲವಾದ್ದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಬೆಳವಣಿಗೆಯ ವೇಗವನ್ನು ಬೋಳುತನದಿಂದ ಅಳೆಯಲಾಗದು. ಬೂರುಗ ಪೂರ್ತಿ ಬೋಳಾಗುತ್ತದೆ, ಆದರೂ ಸರಸರನೆ ಏರುತ್ತದೆ. ಅದರ ಮರ ಹಗುರ. ರೆಂಜೆ ಸದಾ ಹಸಿರು, ಆದರೆ ಗಟ್ಟಿ ಮರ, ನಿಧಾನದ ಗಿರಾಕಿ. ನಿಮ್ಮ ಜಾಗದಲ್ಲಿ ಉಪ್ಪಳಿಗೆಯೂ ಇರಲೇಬೇಕು. ಇಂಥ ಕಡೆ ಮೊದಲು ಬರುವವರಲ್ಲಿ ಅದೂ ಒಂದು. ಎಲೆಯೊಂದನ್ನು ಕಿತ್ತು ನೋಡಿ: ತೊಟ್ಟು ಅಂಚಿಗಲ್ಲ, ಕೊಡೆಯ ಕೋಲಿನಂತೆ ಎಲೆಯ ಒಳಭಾಗಕ್ಕೆ ಸೇರಿರುತ್ತದೆ. ಅಗಲವಾದ, ಹೆಚ್ಚು ಬಾಳದ ಎಲೆ, ಹಗುರವಾದ ಕಾಂಡ. ಬಿಸಿಲಿದ್ದಲ್ಲಿ ಅದು ಎಲ್ಲರನ್ನೂ ಹಿಂದೆ ಹಾಕುತ್ತದೆ. ನೆರಳು ದಟ್ಟವಾದ ಮೇಲೆ ಅದರ ಸಸಿಗಳೇ ಮೇಲೇಳುವುದಿಲ್ಲ, ಆ ನೆರಳನ್ನು ತಾಳಿಕೊಳ್ಳುವ ರೆಂಜೆ, ಪುನರ್ಪುಳಿಗಳ ಸಸಿಗಳು ಏಳುತ್ತವೆ.

ಭಾವನವರು ಒಪ್ಪದಿದ್ದರೆ ಟೇಪು ಹಿಡಿಯಿರಿ. ಎದೆಯೆತ್ತರದಲ್ಲಿ ಕಾಂಡಕ್ಕೆ ಬಣ್ಣದ ಗೆರೆ ಎಳೆದು, ಅಲ್ಲೇ ಸುತ್ತಳತೆ ತೆಗೆಯಿರಿ. ಈ ಸಲ ನವೆಂಬರ್‌ನಲ್ಲಿ ಅಳೆದರೆ ಮುಂದಿನ ವರ್ಷವೂ ನವೆಂಬರ್‌ನಲ್ಲೇ ಅಳೆಯಬೇಕು. ಬೇಸಿಗೆಯಲ್ಲಿ ಕಾಂಡ ನೀರು ಕಳೆದುಕೊಂಡು ತುಸು ಕುಗ್ಗುವುದರಿಂದ, ತಿಂಗಳು ತಪ್ಪಿದರೆ ಬೆಳೆದ ಮರವೂ ಸಣ್ಣಗಾದಂತೆ ಲೆಕ್ಕ ಬಂದೀತು. ಆಗ ಭಾವನವರದೇ ಗೆಲುವು!

ಅಕೇಶಿಯಾ ಬೇಗ ಬೆಳೆಯುತ್ತದೆ, ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ, ನಿಜ. ಆದರೆ ಅದರ ಎಲೆ ಎಂದು ನಾವು ಕರೆಯುವುದು ಚಪ್ಪಟೆಯಾದ ತೊಟ್ಟು. ಬೇಗ ಕೊಳೆಯದೆ ದಪ್ಪ ಪದರವಾಗಿ ಬಿದ್ದಿರುತ್ತದೆ, ಮಾರ್ಚ್‌ನಲ್ಲಿ ಒಂದು ಬೀಡಿ ತುಂಡು ಸಾಕು. ತಾನಾಗಿ ಬಂದ ಹತ್ತು ಜಾತಿಯ ಮರ ಕಡಿದು ಅದನ್ನು ನೆಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ತರಗೆಲೆಯ ಮಾತು. ಹಟ್ಟಿಗೆ, ಗೊಬ್ಬರಕ್ಕೆ ಕುಮ್ಕಿಯಿಂದ (ಸಾಗುವಳಿ ಜಮೀನಿಗೆ ತಾಗಿದ ಸರಕಾರಿ ಜಾಗದಿಂದ) ಸೊಪ್ಪು ತರಗೆಲೆ ತರುವುದು ನಮ್ಮಲ್ಲಿ ಹಳೆಯ ರೂಢಿ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ಸುಣ್ಣದಂಶವನ್ನು ಮರ ಎಲೆಯಿಂದ ಹಿಂದಕ್ಕೆ ಎಳೆದುಕೊಳ್ಳಲಾರದು. ಅದು ಎಲೆಯೊಡನೆಯೇ ನೆಲಕ್ಕೆ ಬೀಳುತ್ತದೆ. ಮಳೆಗೆ ತೊಳೆದುಹೋದ ಮುರಕಲ್ಲು ಮಣ್ಣಿಗೆ ಬೇಕಾದದ್ದೇ ಅದು. ಜೂನ್‌ನ ಮೊದಲ ಹೊಡೆತದ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ತಡೆಯುವುದೂ ಈ ಹಾಸು. ಹಾಗಾಗಿ ರಸ್ತೆ ಮತ್ತು ಬೇಲಿಯ ಬದಿಯ ತರಗೆಲೆಯನ್ನಷ್ಟೇ ಜನವರಿಯಿಂದ ಆಗಾಗ ಗುಡಿಸಿ ಒಯ್ಯಿರಿ, ಹೊರಗಿನ ಬೆಂಕಿ ಒಳನುಗ್ಗುವುದಕ್ಕೂ ತಡೆಯಾಗುತ್ತದೆ. ಒಳಗಿನದು ಅಲ್ಲೇ ಕೊಳೆಯಲಿ.

– ಸಂಪಾದಕ